ಒಂಟಿ ರೆಕ್ಕೆಯ ಮಾದರಿ ವಿಮಾನ: ರಚನೆ, ಸಮತೂಕ ಮತ್ತು ಪರೀಕ್ಷೆ

ಒಂದೇ ರೆಕ್ಕೆಯನ್ನು ಹೊಂದಿ, ಆ ರೆಕ್ಕೆಯೊಡನೆ ಇಡೀ ಒಡಲೇ ಗಿರಗಿರನೆ ತಿರುಗುತ್ತ ಗಾಳಿಯಲ್ಲಿ ನಿಲ್ಲುವ ಹಾರುಯಂತ್ರವನ್ನು 'ಮಾನೋಕಾಪ್ಟರ್' ಎಂದು ಕರೆಯುತ್ತಾರೆ. ಎಡಕ್ಕೊಂದು, ಬಲಕ್ಕೊಂದು ಭಾಗವಾಗಿ ಒಂದೇ ಸಾಲಿನಲ್ಲಿ ರೆಕ್ಕೆ ಚಾಚಿರುವ ಸಾಮಾನ್ಯ 'ಮಾನೋಪ್ಲೇನ್' ಬೇರೆ, ಇದು ಬೇರೆ. ಇಲ್ಲಿ ಒಂದು ಪಕ್ಕದಲ್ಲಿ ಮಾತ್ರ ರೆಕ್ಕೆ ಇರುತ್ತದೆ. ಎದುರು ಪಕ್ಕದಲ್ಲಿ ಮೋಟರ್, ಬ್ಯಾಟರಿ ಮೊದಲಾದ ಭಾರ ಇರುತ್ತದೆ. ಬಾಲವಿಲ್ಲ, ಮುಂಭಾಗ ಹಿಂಭಾಗಗಳೆಂಬ ಭೇದವೂ ಇಲ್ಲ.

ಇಂಥದೊಂದು ಮಾದರಿಯನ್ನು ಪಶ್ಚಿಮ ಬೆಂಗಳೂರಿನ ಆರ್‌ಪಿಸಿ ಲೇಔಟ್, ವಿಜಯನಗರಗಳಂಥ ಬಡಾವಣೆಯ ಮನೆಯ ಮೇಜಿನ ಮೇಲೆಯೇ ಕಟ್ಟಬಹುದು. ಬೇಕಾಗುವ ಮೋಟರ್, ಬ್ಯಾಟರಿ, ವೇಗನಿಯಂತ್ರಕಗಳು ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ದೊರೆಯುತ್ತವೆ. ಆದರೆ ಕಟ್ಟಿದ್ದನ್ನು ಹಾರಿಸಿ ನೋಡುವುದು ಬೇರೆಯೇ ಮಾತು. ಒಂಟಿ ರೆಕ್ಕೆಯ ಯಂತ್ರದಲ್ಲಿ ಕೆಲವೇ ಗ್ರಾಂಗಳ ತೂಕ ಕೆಲವೇ ಮಿಲಿಮೀಟರ್ ಆಚೀಚೆಯಾದರೂ ಹಾರಾಟ ಕೆಡುತ್ತದೆ. ಆದ್ದರಿಂದ ಇದರ ಯಶಸ್ಸು ಬಹುಮಟ್ಟಿಗೆ ನೆಲದ ಮೇಲಿನ ಪರೀಕ್ಷೆಯಲ್ಲಿಯೇ ನಿರ್ಧಾರವಾಗುತ್ತದೆ.

ಬೀಜದಲ್ಲಿರುವ ಮಾದರಿ

ಒಂಟಿ ರೆಕ್ಕೆಯ ಹಾರಾಟ ಮನುಷ್ಯನ ಕಲ್ಪನೆಯಲ್ಲ. ಬೆಂಗಳೂರಿನ ಹಲವು ರಸ್ತೆಗಳ ಬದಿಯಲ್ಲಿ ಬೆಳೆದಿರುವ ಮಹಾಗನಿ ಮರದ ಕಾಯಿ ಬೇಸಿಗೆಯ ಆರಂಭದಲ್ಲಿ ಒಣಗಿ ಬಿರಿದಾಗ, ಕಂದುಬಣ್ಣದ ಒಂದೊಂದೇ ರೆಕ್ಕೆಯುಳ್ಳ ಬೀಜಗಳು ತಿರುಗುತ್ತ ಕೆಳಗಿಳಿಯುವುದನ್ನು ಕಾಣಬಹುದು. ಶೀತದೇಶಗಳ ಮೇಪಲ್ ಮರದ ಬೀಜವೂ ಇದೇ ಬಗೆಯದು. ಅದು ಸೆಕೆಂಡಿಗೆ ಸುಮಾರು 1 ಮೀಟರ್ ವೇಗದಲ್ಲಿ ನಿಧಾನವಾಗಿ ಇಳಿಯುವುದರಿಂದ ಗಾಳಿ ಅದನ್ನು ತಾಯಿಮರದಿಂದ ದೂರ ಒಯ್ಯಬಲ್ಲದು.

ಈ ಬೀಜವನ್ನು ಕೈಯಲ್ಲಿ ಹಿಡಿದು ನೋಡಿದರೆ ಎರಡು ಸಂಗತಿಗಳು ಗಮನಕ್ಕೆ ಬರುತ್ತವೆ. ಮೊದಲನೆಯದು, ತೂಕವೆಲ್ಲ ಒಂದು ತುದಿಯ ಕಾಳಿನಲ್ಲಿ ಸೇರಿಕೊಂಡಿದೆ. ಎರಡನೆಯದು, ರೆಕ್ಕೆಯ ಒಂದು ಅಂಚು ದಪ್ಪ, ಇನ್ನೊಂದು ಅಂಚು ಕಾಗದದಷ್ಟು ತೆಳು. ತಿರುಗುವಾಗ ದಪ್ಪ ಅಂಚು ಮುಂದಾಗಿ ಗಾಳಿಯನ್ನು ಸೀಳುತ್ತದೆ. ಸ್ವೀಡನ್ನಿನ ನಾರ್ಬರ್ಗ್ 1973ರಲ್ಲಿ ಪ್ರಕಟಿಸಿದ ಅಧ್ಯಯನವು, ಇಂಥ ಬೀಜಗಳು ತಮ್ಮಷ್ಟಕ್ಕೆ ತಾವೇ ಸ್ಥಿರವಾಗಿ ತಿರುಗಲು ಈ ತೂಕದ ಹಂಚಿಕೆಯೇ ಕಾರಣವೆಂದು ವಿವರಿಸಿತು. 2009ರಲ್ಲಿ ಡೇವಿಡ್ ಲೆಂಟಿಂಕ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಇನ್ನೊಂದು ಅಂಶವನ್ನು ತೋರಿಸಿದರು. ತಿರುಗುವ ಬೀಜದ ಮುಂಬದಿಯ ಅಂಚಿನ ಮೇಲೆ ಗಾಳಿಯ ಸಣ್ಣ ಸುಳಿಯೊಂದು ಅಂಟಿಕೊಂಡಂತೆ ನಿಲ್ಲುತ್ತದೆ. ಆ ಸುಳಿಯಿಂದಾಗಿ ರೆಕ್ಕೆಗೆ ಹೆಚ್ಚಿನ ಎತ್ತುಬಲ ದೊರೆಯುತ್ತದೆ.

ಹಿಂದಿನ ಪ್ರಯತ್ನಗಳು

ಬೀಜವನ್ನು ಅನುಕರಿಸಿ ಮನುಷ್ಯನನ್ನು ಹೊತ್ತೊಯ್ಯುವ ಯಂತ್ರ ಕಟ್ಟಲು ಹೊರಟವರು ಫ್ರಾನ್ಸಿನ ಆಲ್ಫೋನ್ಸ್ ಪಾಪಾಂ ಮತ್ತು ದಿದಿಯೆ ರೂಯಿ. ಅವರ 'ಜೈರೋಪ್ಟೇರ್' ಯಂತ್ರದ ತೂಕ 500 ಕಿಲೋಗ್ರಾಂ. ಟೊಳ್ಳಾದ ಒಂದೇ ರೆಕ್ಕೆಯ ವಿಸ್ತೀರ್ಣ 12 ಚದರ ಮೀಟರ್. ಎದುರು ಬದಿಯಲ್ಲಿ 80 ಅಶ್ವಶಕ್ತಿಯ ಲೆ ರೋನ್ ಎಂಜಿನ್ ಒಂದು ಬೀಸಣಿಗೆಯನ್ನು ತಿರುಗಿಸುತ್ತಿತ್ತು. ಅದರ ಗಾಳಿ ರೆಕ್ಕೆಯೊಳಗೆ ಹಾದು ತುದಿಯ ಕೊಳವೆಯಿಂದ ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಚಿಮ್ಮಿ ಯಂತ್ರವನ್ನು ತಿರುಗಿಸಬೇಕಿತ್ತು. ಚಾಲಕನ ಆಸನ ಗುರುತ್ವ ಕೇಂದ್ರದಲ್ಲಿತ್ತು.

1915ರ ಮಾರ್ಚ್ 31ರಂದು ಸೆರ್ಸೆ ಸರೋವರದಲ್ಲಿ ಪರೀಕ್ಷೆ ನಡೆಯಿತು. ಮೇಲೇರಲು ನಿಮಿಷಕ್ಕೆ 60 ಸುತ್ತು ಬೇಕೆಂದು ಲೆಕ್ಕ ಹಾಕಲಾಗಿತ್ತು. ರೆಕ್ಕೆಗೂ ಬೀಸಣಿಗೆಗೂ ನಡುವೆ ಸಮತೂಕ ಸಾಧಿಸಲಾಗದೆ 47 ಸುತ್ತುಗಳಿಗೇ ನಿಲ್ಲಬೇಕಾಯಿತು. ಯೋಜಿಸಿದ್ದ 100 ಅಶ್ವಶಕ್ತಿಯ ಎಂಜಿನ್ ದೊರೆಯದೆ ಹೋದದ್ದೂ ಒಂದು ಕಾರಣ. ಯಂತ್ರ ಹೊಯ್ದಾಡತೊಡಗಿದಾಗ ಚಾಲಕ ಅದನ್ನು ಬಿಟ್ಟು ಹೊರಬಂದ. ಯಂತ್ರ ನೀರಿನಲ್ಲಿ ಮುಳುಗಿತು.

ಆನಂತರ ಈ ಕಲ್ಪನೆ ಉಳಿದದ್ದು ಮುಖ್ಯವಾಗಿ ಮಾದರಿ ವಿಮಾನದ ಹವ್ಯಾಸಿಗಳ ಕೈಯಲ್ಲಿ. 1950ರ ದಶಕದಲ್ಲಿ ಚಾರ್ಲ್ಸ್ ಮೆಕಚೆನ್ ಸಣ್ಣ ಎಂಜಿನ್ ಅಳವಡಿಸಿದ ಒಂಟಿ ರೆಕ್ಕೆಯ ಮಾದರಿಯನ್ನು ರೂಪಿಸಿದರು. ಜರ್ಮನಿಯ ಬೋಲ್ಕೋವ್ ಸಂಸ್ಥೆಯ ಬಿಓ 103 ಹೆಲಿಕಾಪ್ಟರ್ 1961ರಲ್ಲಿ ಒಂದೇ ಅಲಗಿನ ಚಕ್ರದೊಡನೆ ಹಾರಿತು. ಆದರೆ ಅಲ್ಲಿ ಅಲಗು ಮಾತ್ರ ತಿರುಗುತ್ತಿತ್ತು, ಒಡಲು ನೆಟ್ಟಗೆ ನಿಲ್ಲುತ್ತಿತ್ತು. ಇಡೀ ಒಡಲೇ ತಿರುಗುವ ಯಂತ್ರಕ್ಕೆ ದಿಕ್ಕು ತೋರಿಸುವುದು ಸಾಧ್ಯವಾದದ್ದು ಅಂಗೈಗಿಂತ ಚಿಕ್ಕ ಸಂವೇದಕಗಳೂ ಮೈಕ್ರೋಪ್ರೊಸೆಸರ್‌ಗಳೂ ಬಂದ ಮೇಲೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಇವಾನ್ ಉಲ್ರಿಚ್ ಮತ್ತು ಸಂಗಡಿಗರು 2009ರ ವೇಳೆಗೆ ನಿಯಂತ್ರಿಸಬಹುದಾದ 'ಯಂತ್ರಬೀಜ'ವನ್ನು ಹಾರಿಸಿದರು. ಲಾಕ್‌ಹೀಡ್ ಮಾರ್ಟಿನ್ ಸಂಸ್ಥೆ ತನ್ನ 'ಸಮರಾಯ್' ಮಾದರಿಯನ್ನು 2011ರಲ್ಲಿ ಸಾರ್ವಜನಿಕವಾಗಿ ಪ್ರದರ್ಶಿಸಿತು. ಚಲಿಸುವ ಭಾಗಗಳು ಎರಡೇ ಎಂಬುದು ಅದರ ಹೆಗ್ಗಳಿಕೆ.

ಕಿರುವಿಮಾನಗಳ ಸಂಶೋಧನೆ ಬೆಂಗಳೂರಿಗೆ ಹೊಸದಲ್ಲ. 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, 'ಬ್ಲ್ಯಾಕ್ ಕೈಟ್', 'ಗೋಲ್ಡನ್ ಹಾಕ್', 'ಪುಷ್ಪಕ್' ಎಂಬ ಕಿರುವಿಮಾನಗಳನ್ನು ರೂಪಿಸಿದೆ. ಅವು ಸ್ಥಿರ ರೆಕ್ಕೆಯವು. ಮುಂದಕ್ಕೆ ಚಲಿಸುತ್ತಿದ್ದರಷ್ಟೇ ಅವುಗಳಿಗೆ ಎತ್ತುಬಲ ಸಿಗುತ್ತದೆ. ಒಂಟಿ ರೆಕ್ಕೆಯ ಯಂತ್ರವಾದರೋ ಒಂದೇ ಜಾಗದಲ್ಲಿ ನಿಲ್ಲಬಲ್ಲದು, ಮೋಟರ್ ನಿಂತುಹೋದರೂ ಬೀಜದಂತೆ ತಿರುಗುತ್ತ ಇಳಿಯಬಲ್ಲದು.

ಮೊದಲ ಹಂತ: ಮೋಟರ್ ಇಲ್ಲದ ಬೀಜ

ಮೋಟರ್ ಕೊಳ್ಳುವ ಮುನ್ನ ಬೀಜದ ಪ್ರತಿಕೃತಿಯೊಂದನ್ನು ಮಾಡಿ ಬೀಳಿಸಿ ನೋಡುವುದು ಒಳ್ಳೆಯದು. 1 ಮಿ.ಮೀ. ದಪ್ಪದ ಬಾಲ್ಸಾ ಹಲಗೆಯಿಂದ 15 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ರೆಕ್ಕೆ ಕತ್ತರಿಸಬೇಕು. ಮುಂಬದಿಯ ಅಂಚಿಗೆ ತೆಳುವಾಗಿ ಸೀಳಿದ ಬಿದಿರು ಕಡ್ಡಿಯನ್ನು ಅಂಟಿಸಬೇಕು. ಒಂದು ತುದಿಗೆ ಒಂದೆರಡು ಗ್ರಾಂ ಜೇಡಿಮಣ್ಣು ಮೆತ್ತಿದರೆ ಕಾಳು ಸಿದ್ಧ. ಮಣ್ಣನ್ನು ಸ್ವಲ್ಪ ಸ್ವಲ್ಪವೇ ತೆಗೆದು ಸೇರಿಸಲು ಬರುವುದರಿಂದ ಸಮತೂಕ ಹೊಂದಿಸುವುದು ಸುಲಭ.

3 ಮೀಟರ್ ಎತ್ತರದಿಂದ ಬಿಟ್ಟ ಕಲ್ಲು ಸುಮಾರು 0.8 ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಸರಿಯಾಗಿ ತಿರುಗುವ ಪ್ರತಿಕೃತಿ ಇದಕ್ಕಿಂತ ಸ್ಪಷ್ಟವಾಗಿ ಹೆಚ್ಚು ಹೊತ್ತು ತೆಗೆದುಕೊಳ್ಳಬೇಕು. ತಿರುಗದೆ ತಲೆಕೆಳಗಾಗಿ ನೇರ ಬಿದ್ದರೆ ಕಾಳು ವಿಪರೀತ ಭಾರವಾಗಿದೆ. ಪಲ್ಟಿ ಹೊಡೆಯುತ್ತ ಓಲಾಡಿದರೆ ಹಿಂಬದಿಯ ಅಂಚು ಭಾರವಾಗಿದೆ, ಅದನ್ನು ಮರಳು ಕಾಗದದಿಂದ ಉಜ್ಜಿ ತೆಳುವಾಗಿಸಬೇಕು. ಈ ಪ್ರಯೋಗಕ್ಕೆ ತಗಲುವ ವೆಚ್ಚ ಅತ್ಯಲ್ಪ. ಮುಂಬದಿಯ ಅಂಚಿನ ಭಾರ ಏಕೆ ಬೇಕೆಂಬುದನ್ನು ಮಾತ್ರ ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಕಲಿಸುತ್ತದೆ.

ಎರಡನೆಯ ಹಂತ: ತೂಕದ ಲೆಕ್ಕ

ಮೋಟರ್ ಸಹಿತವಾದ ಮಾದರಿಗೆ 75 ಗ್ರಾಂ ಒಟ್ಟು ತೂಕವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ತಿರುಗುವ ಅಕ್ಷದಿಂದ 5 ಸೆಂ.ಮೀ. ದೂರದಲ್ಲಿ ಆರಂಭವಾಗಿ 30 ಸೆಂ.ಮೀ.ವರೆಗೆ ಚಾಚಿದ, 6 ಸೆಂ.ಮೀ. ಅಗಲದ ರೆಕ್ಕೆ. ಅದರ ತೂಕ 20 ಗ್ರಾಂ, ಗುರುತ್ವ ಕೇಂದ್ರ ಅಕ್ಷದಿಂದ 15 ಸೆಂ.ಮೀ. ದೂರದಲ್ಲಿದೆ ಎನ್ನೋಣ. 20ನ್ನು 15ರಿಂದ ಗುಣಿಸಿದರೆ 300. ಎದುರು ಬದಿಯಲ್ಲಿಯೂ 300 ಆಗಬೇಕು. ಮೋಟರ್, ಪ್ರೊಪೆಲ್ಲರ್ ಮತ್ತು ತೋಳು ಸೇರಿ 20 ಗ್ರಾಂ, 10 ಸೆಂ.ಮೀ. ದೂರದಲ್ಲಿಟ್ಟರೆ 200. ಉಳಿದ 100ಕ್ಕೆ 25 ಗ್ರಾಂ ಬ್ಯಾಟರಿಯನ್ನು 4 ಸೆಂ.ಮೀ. ದೂರದಲ್ಲಿ ಕೂರಿಸಬೇಕು. 10 ಗ್ರಾಂನ ವಿದ್ಯುನ್ಮಾನ ಭಾಗಗಳು ಅಕ್ಷದ ಮೇಲೆಯೇ ಇರುತ್ತವೆ.

ಸಾಗಾಣಿಕೆಯಲ್ಲಿ ಈ ಬ್ಯಾಟರಿ 4 ಮಿ.ಮೀ. ಜಾರಿತೆಂದುಕೊಳ್ಳಿ. ಇಡೀ ಯಂತ್ರದ ಗುರುತ್ವ ಕೇಂದ್ರ 1.3 ಮಿ.ಮೀ. ಸರಿಯುತ್ತದೆ. ಪರೀಕ್ಷಾ ಕಂಬದ ಮೇಲೆ ಸೆಕೆಂಡಿಗೆ 10 ಸುತ್ತು ತಿರುಗುವಾಗ ಇಷ್ಟರಿಂದಲೇ ಸುಮಾರು 40 ಗ್ರಾಂ ತೂಕಕ್ಕೆ ಸಮನಾದ ಬಲ, ಅಂದರೆ ಯಂತ್ರದ ತೂಕದ ಅರ್ಧಕ್ಕಿಂತ ಹೆಚ್ಚು, ಕಂಬವನ್ನು ಸೆಕೆಂಡಿಗೆ 10 ಸಲ ಅಲುಗಿಸುತ್ತದೆ.

ಭಾಗಗಳನ್ನು ಬಿಗಿಯಾಗಿ ಕಟ್ಟುವುದೂ ಅಷ್ಟೇ ಮುಖ್ಯ. ಆ ವೇಗದಲ್ಲಿ ಅಕ್ಷದಿಂದ 10 ಸೆಂ.ಮೀ. ದೂರದಲ್ಲಿರುವ ಮೋಟರಿನ ಮೇಲೆ ಗುರುತ್ವಾಕರ್ಷಣೆಯ ಸುಮಾರು 40 ಪಟ್ಟು ಎಳೆತ ಬೀಳುತ್ತದೆ. ಕೇವಲ 20 ಗ್ರಾಂನ ಭಾಗ 800 ಗ್ರಾಂ ತೂಗಿದಂತೆ ಹೊರಕ್ಕೆ ಜಗ್ಗುತ್ತದೆ. ರಬ್ಬರ್ ಬ್ಯಾಂಡ್ ಇಲ್ಲವೇ ಸೆಲೋ ಟೇಪಿನಿಂದ ಕಟ್ಟಿದ್ದು ಇಲ್ಲಿ ನಿಲ್ಲದು. ಬ್ಯಾಟರಿಗೆ ಹೊರಬದಿಯಲ್ಲಿ ಗಟ್ಟಿ ತಡೆ ಇರಲೇಬೇಕು.

ರೆಕ್ಕೆ ಮೇಲಕ್ಕೇಳುವ ಪ್ರಶ್ನೆ

ಎತ್ತುಬಲ ಹುಟ್ಟುವುದು ಒಂದೇ ಪಕ್ಕದಲ್ಲಿ. ಹಾಗಿದ್ದರೆ ಯಂತ್ರ ಮಗುಚಿಕೊಳ್ಳುವುದಿಲ್ಲವೇ ಎಂಬ ಸಂದೇಹ ಸಹಜ. ರೆಕ್ಕೆ ಮೇಲಕ್ಕೇಳಲು ಹವಣಿಸುತ್ತದೆ, ನಿಜ. ಆದರೆ ತಿರುಗುವಿಕೆಯಿಂದ ಹುಟ್ಟುವ ಕೇಂದ್ರಾಪಗಾಮಿ ಎಳೆತವು ಎರಡೂ ಬದಿಯ ಭಾರಗಳನ್ನು ಒಂದೇ ಸಮತಲಕ್ಕೆ ತರಲು ಯತ್ನಿಸುತ್ತದೆ. ದಾರಕ್ಕೆ ಕಟ್ಟಿದ ಕಲ್ಲನ್ನು ಬೀಸಿದಾಗ ದಾರ ನೆಲಕ್ಕೆ ಸಮಾನಾಂತರವಾಗುವಂತೆ. ಈ ಎರಡು ಬಲಗಳು ಸರಿದೂಗುವ ಕೋನದಲ್ಲಿ ರೆಕ್ಕೆ ನಿಲ್ಲುತ್ತದೆ. ಮೇಲಿನ ಉದಾಹರಣೆಯಲ್ಲಿ ಸೆಕೆಂಡಿಗೆ 10 ಸುತ್ತಿನಲ್ಲಿ ಈ ಕೋನ 3 ಡಿಗ್ರಿಯನ್ನು ಮೀರುವುದಿಲ್ಲ. ಅದೇ ತೂಕವನ್ನು 5 ಸುತ್ತಿನಲ್ಲಿಯೇ ಎತ್ತುವಂತೆ ರೆಕ್ಕೆಯನ್ನು ಅಗಲಗೊಳಿಸಿದರೆ ಕೋನ ನಾಲ್ಕು ಪಟ್ಟಾಗಿ ಸುಮಾರು 11 ಡಿಗ್ರಿ ಆಗುತ್ತದೆ. ನಿಧಾನವಾಗಿ ತಿರುಗುವ ದೊಡ್ಡ ಯಂತ್ರಗಳು ಹೊಯ್ದಾಡುವುದಕ್ಕೂ ಚಿಕ್ಕ ಬೀಜಗಳು ಸಲೀಸಾಗಿ ತಿರುಗುವುದಕ್ಕೂ ಇದೊಂದು ಮುಖ್ಯ ಕಾರಣ. ಮೋಟರನ್ನು ರೆಕ್ಕೆಯ ಮಟ್ಟಕ್ಕಿಂತ ಒಂದು ಸೆಂಟಿಮೀಟರಿನಷ್ಟು ಕೆಳಗೆ ಕೂರಿಸಿದರೂ ರೆಕ್ಕೆ ಮೇಲೇಳುವುದು ಕಡಿಮೆಯಾಗುತ್ತದೆ.

ರೆಕ್ಕೆ ಮತ್ತು ಮೋಟರ್

ರೆಕ್ಕೆಯ ಒಳಗೆ ಮುಂಬದಿಯ ಅಂಚಿನ ಸಮೀಪ ಕಾರ್ಬನ್ ಕಡ್ಡಿಯನ್ನು ಕೂರಿಸಬೇಕು. ಇದು ಬಲವನ್ನೂ ಕೊಡುತ್ತದೆ, ಭಾರವನ್ನು ಮುಂದಕ್ಕೂ ತರುತ್ತದೆ. ರೆಕ್ಕೆಗೆ ಥರ್ಮಾಕೋಲ್ ಬಳಸುವುದಾದರೆ ಫೆವಿಕ್ವಿಕ್‌ನಂಥ ಅಂಟು ಅದನ್ನು ಕರಗಿಸಿಬಿಡುತ್ತದೆ. ಫೆವಿಕಾಲ್ ಅಥವಾ ಅರಾಲ್ಡೈಟ್ ಬಳಸಬೇಕು. ರೆಕ್ಕೆಯ ಓರೆ ಸುಮಾರು 10 ಡಿಗ್ರಿ ಇರಲಿ. ಓರೆ ಹೆಚ್ಚಾದರೆ ಗಾಳಿಯ ತಡೆ ಹೆಚ್ಚಿ ಬೇಕಾದ ವೇಗವೇ ಬರುವುದಿಲ್ಲ, ಕಡಿಮೆಯಾದರೆ ಎಷ್ಟು ತಿರುಗಿದರೂ ಯಂತ್ರ ನೆಲ ಬಿಡುವುದಿಲ್ಲ.

ಮೋಟರ್ ಯಂತ್ರವನ್ನು ನೇರವಾಗಿ ಎತ್ತುವುದಿಲ್ಲ, ತೋಳಿನ ತುದಿಯಲ್ಲಿ ಅಡ್ಡಲಾಗಿ ತಳ್ಳಿ ತಿರುಗಿಸುತ್ತದೆ. ಆದ್ದರಿಂದ 75 ಗ್ರಾಂ ಯಂತ್ರಕ್ಕೆ 20ರಿಂದ 30 ಗ್ರಾಂ ತಳ್ಳುಬಲದ ಪ್ರೊಪೆಲ್ಲರ್ ಸಾಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು ಶೇ. 9ರಷ್ಟು ಕಡಿಮೆ. ಮಂಗಳೂರಿನಲ್ಲಿ ಹಾರಿದ ಯಂತ್ರ ಇಲ್ಲಿ ಹಾರಬೇಕಾದರೆ ಸುಮಾರು ಶೇ. 5ರಷ್ಟು ಹೆಚ್ಚು ವೇಗದಲ್ಲಿ ತಿರುಗಬೇಕು.

ಪರೀಕ್ಷೆಯ ಕ್ರಮ

ಮೊದಲು ಪ್ರೊಪೆಲ್ಲರ್ ಕಳಚಿ, ಯಂತ್ರವನ್ನು ಚೂಪಾದ ಮೊಳೆಯ ಮೇಲೆ ನಿಲ್ಲಿಸಿ ಸಮತೂಕ ನೋಡಬೇಕು. ಮಟ್ಟವಾಗಿ ನಿಂತರೆ ಮುಂದಿನ ಹಂತಕ್ಕೆ ಹೋಗಬಹುದು.

ಎರಡನೆಯದು ಕಂಬದ ಪರೀಕ್ಷೆ. ನೆಟ್ಟಗಿರುವ ಸಣ್ಣ ಕಂಬದ ತುದಿಗೆ ಬಾಲ್ ಬೇರಿಂಗ್ ಕೂರಿಸಿ, ಅದರ ಮೇಲೆ ಯಂತ್ರವನ್ನು ಭದ್ರಪಡಿಸಿ, ಸುತ್ತ ತಂತಿಬಲೆಯ ಪಂಜರವಿಟ್ಟು ಮೋಟರನ್ನು ಹಂತಹಂತವಾಗಿ ಚಾಲೂ ಮಾಡಬೇಕು. ಸುತ್ತುಗಳನ್ನು ಎಣಿಸಲು ಮೊಬೈಲ್ ಕ್ಯಾಮೆರಾದ ನಿಧಾನಗತಿಯ ಚಿತ್ರೀಕರಣ ಸಾಕು. ಸೆಕೆಂಡಿಗೆ 240 ಚೌಕಟ್ಟುಗಳ ಚಿತ್ರದಲ್ಲಿ ಒಂದು ಸುತ್ತಿಗೆ 24 ಚೌಕಟ್ಟುಗಳು ಬಂದರೆ ವೇಗ ಸೆಕೆಂಡಿಗೆ 10 ಸುತ್ತು ಎಂದರ್ಥ. ಅದೇ ಚಿತ್ರದಲ್ಲಿ ರೆಕ್ಕೆ ಎಷ್ಟು ಮೇಲೆದ್ದಿದೆ ಎಂಬುದೂ ತಿಳಿಯುತ್ತದೆ.

ಮೂರನೆಯದು ಎತ್ತುಬಲದ ಅಳತೆ. ಕಂಬವನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟು ತಿರುಗಿಸಿದರೆ, ಎತ್ತುಬಲ ಹೆಚ್ಚಿದಂತೆಲ್ಲ ತಕ್ಕಡಿಯ ಅಂಕಿ ಇಳಿಯುತ್ತದೆ. 75 ಗ್ರಾಂನಷ್ಟು ಇಳಿದರೆ ಯಂತ್ರ ತನ್ನ ತೂಕವನ್ನು ತಾನೇ ಹೊತ್ತಿದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ರೆಕ್ಕೆ ಕೆಳಕ್ಕೆ ತಳ್ಳುವ ಗಾಳಿ ತಕ್ಕಡಿಯ ಮೇಲೆಯೇ ಬಿದ್ದರೆ ಅಳತೆ ತಪ್ಪಾಗುತ್ತದೆ. ಆದಕಾರಣ ಕಂಬ 60 ಸೆಂ.ಮೀ.ಗಿಂತ ಎತ್ತರವಾಗಿದ್ದು, ಅದರ ಬುಡವೂ ತಕ್ಕಡಿಯೂ ಚಿಕ್ಕವಾಗಿರಬೇಕು.

ನಾಲ್ಕನೆಯದು ದಾರದ ಹಾರಾಟ. ನೆಲಕ್ಕೂ ಚಾವಣಿಗೂ ನಡುವೆ ಗಾಳದ ನೈಲಾನ್ ದಾರವನ್ನು ಬಿಗಿಯಾಗಿ ಕಟ್ಟಿ, ಯಂತ್ರದ ನಡುವಿನ ಸಣ್ಣ ಕೊಳವೆಯ ಮೂಲಕ ಅದನ್ನು ಹಾಯಿಸಬೇಕು. ಯಂತ್ರ ಮೇಲೆ ಕೆಳಗೆ ಹೋಗಬಲ್ಲದು, ಪಕ್ಕಕ್ಕೆ ಓಡಲಾರದು. ಮೋಟರಿನ ವೇಗ ಏರಿಸಿ ಇಳಿಸಿ ಎತ್ತರವನ್ನು ನಿಯಂತ್ರಿಸುವುದನ್ನೂ, ಮೋಟರ್ ನಿಲ್ಲಿಸಿದಾಗ ಅದು ತಿರುಗುತ್ತಲೇ ಇಳಿಯುತ್ತದೆಯೇ ಎಂಬುದನ್ನೂ ಇಲ್ಲಿ ನೋಡಬೇಕು. ಈ ನಾಲ್ಕೂ ಹಂತಗಳು ಮುಗಿದ ಮೇಲಷ್ಟೇ ಬಂಧನವಿಲ್ಲದ ಹಾರಾಟ.

ದಿಕ್ಕು ತೋರಿಸುವುದು ಹೇಗೆ?

ಮೇಲೇರುವುದು ಸುಲಭ, ಬೇಕಾದ ಕಡೆಗೆ ಹೋಗುವುದು ಕಷ್ಟ. ಯಂತ್ರಕ್ಕೆ ಮುಖವೇ ಇಲ್ಲದಿರುವುದರಿಂದ 'ಬಲಕ್ಕೆ' ಎಂಬ ಆಜ್ಞೆಗೆ ಅರ್ಥವಿಲ್ಲ. ಕಾಂತೀಯ ದಿಕ್ಸೂಚಿ ಸಂವೇದಕದ ನೆರವಿನಿಂದ ಯಂತ್ರ ತಾನು ಈ ಕ್ಷಣ ಯಾವ ದಿಕ್ಕಿಗೆ ತಿರುಗಿದೆ ಎಂದು ತಿಳಿಯಬೇಕು. ಪ್ರತಿ ಸುತ್ತಿನಲ್ಲಿಯೂ ಒಂದು ನಿರ್ದಿಷ್ಟ ಬಿಂದುವಿನಲ್ಲಿ ರೆಕ್ಕೆಯ ಹಿಂಬದಿಯ ಪಟ್ಟಿಯನ್ನು ಅಲುಗಿಸಬೇಕು, ಇಲ್ಲವೇ ಮೋಟರಿನ ಬಲವನ್ನು ಒಂದಿಷ್ಟು ಹೆಚ್ಚಿಸಬೇಕು. ಸೆಕೆಂಡಿಗೆ 10 ಸುತ್ತು ಎಂದರೆ ಒಂದು ಸುತ್ತಿಗೆ 100 ಮಿಲಿಸೆಕೆಂಡ್. ಬರೇ 5 ಮಿಲಿಸೆಕೆಂಡ್ ತಡವಾದರೂ ದಿಕ್ಕು 18 ಡಿಗ್ರಿ ತಪ್ಪುತ್ತದೆ. ಸಾಲದ್ದಕ್ಕೆ, ತಿರುಗುವ ಬುಗುರಿಯಂತೆ ಈ ಯಂತ್ರವೂ ತಳ್ಳಿದ ಕಡೆಗೆ ಕೂಡಲೇ ವಾಲುವುದಿಲ್ಲ. ಕಾಲು ಸುತ್ತಿನ ಆಸುಪಾಸಿನಷ್ಟು ಮುಂದೆ ಹೋಗಿ ವಾಲುತ್ತದೆ. ಈ ಅಂತರವನ್ನು ಪ್ರತಿಯೊಂದು ಯಂತ್ರಕ್ಕೂ ಪರೀಕ್ಷಿಸಿಯೇ ಕಂಡುಕೊಳ್ಳಬೇಕು. ಮೋಟರಿನ ತಂತಿಗಳು ದಿಕ್ಸೂಚಿಯ ಹತ್ತಿರವಿದ್ದರೆ ಅವುಗಳ ಕಾಂತಕ್ಷೇತ್ರವೇ ಅದನ್ನು ದಾರಿ ತಪ್ಪಿಸುತ್ತದೆ.

ಸ್ಥಳ, ಸುರಕ್ಷತೆ ಮತ್ತು ನಿಯಮ

ಸೆಕೆಂಡಿಗೆ 10 ಸುತ್ತಿನಲ್ಲಿ ರೆಕ್ಕೆಯ ತುದಿಯ ವೇಗ ಗಂಟೆಗೆ ಸುಮಾರು 68 ಕಿ.ಮೀ. 75 ಗ್ರಾಂ ಯಂತ್ರವೇ ಆದರೂ ಕಣ್ಣಿಗೆ ತಗಲಿದರೆ ಗಂಭೀರ ಗಾಯವಾಗಬಹುದು. ಮೂವತ್ತು-ನಲವತ್ತರ ನಿವೇಶನಗಳು ಒತ್ತಾಗಿ ನಿಂತಿರುವ, ತಲೆಯ ಮೇಲೆ ವಿದ್ಯುತ್ ಮತ್ತು ಕೇಬಲ್ ತಂತಿಗಳು ಹಾದುಹೋಗಿರುವ ಬಡಾವಣೆಯ ತಾರಸಿಯೂ ರಸ್ತೆಯೂ ಇದಕ್ಕೆ ತಕ್ಕ ಜಾಗವಲ್ಲ. ಉದ್ಯಾನಗಳಲ್ಲಿ ಮಕ್ಕಳು, ವೃದ್ಧರು ಸದಾ ಇರುತ್ತಾರೆ. ಅನುಮತಿ ಪಡೆದ ಒಳಾಂಗಣ ಬ್ಯಾಡ್ಮಿಂಟನ್ ಅಂಕಣ ಅಥವಾ ಕಾಲೇಜಿನ ಸಭಾಂಗಣ ಉತ್ತಮ. ಅಲ್ಲಿ ಗಾಳಿಯ ಹೊಡೆತವೂ ಇರುವುದಿಲ್ಲ. ಎಲ್ಲರೂ ಕನ್ನಡಕ ಧರಿಸಬೇಕು. ರೇಡಿಯೋ ಸಂಪರ್ಕ ಕಡಿದೊಡನೆ ಮೋಟರ್ ತಾನಾಗಿ ನಿಲ್ಲುವ ವ್ಯವಸ್ಥೆಯನ್ನು ಮೊದಲೇ ಪರೀಕ್ಷಿಸಿರಬೇಕು. ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದು ಕೋಶವನ್ನು 4.2 ವೋಲ್ಟ್‌ಗಿಂತ ಹೆಚ್ಚು ಚಾರ್ಜ್ ಮಾಡಬಾರದು, ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು.

ಬಯಲಿನಲ್ಲಿ ಹಾರಿಸುವವರಿಗೆ 2021ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. ಅವುಗಳ ಪ್ರಕಾರ 250 ಗ್ರಾಂವರೆಗಿನ ಯಂತ್ರ 'ನ್ಯಾನೋ' ವರ್ಗಕ್ಕೆ ಸೇರುತ್ತದೆ, ಅದಕ್ಕೆ ಚಾಲಕ ಪರವಾನಗಿ ಬೇಕಿಲ್ಲ. ಆದರೂ ವಾಯುಪ್ರದೇಶದ ಕೆಂಪು, ಹಳದಿ, ಹಸಿರು ವಲಯಗಳ ನಿರ್ಬಂಧ ಅದಕ್ಕೂ ಉಂಟು. ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಬಹುದು. ಕಾರ್ಯನಿರತ ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ದೂರದ ಪ್ರದೇಶದಲ್ಲಿ ಈ ಮಿತಿ 200 ಅಡಿ. ಹೆಚ್‌ಎಎಲ್, ಜಕ್ಕೂರು, ಯಲಹಂಕ ಮತ್ತು ದೇವನಹಳ್ಳಿಯ ವಿಮಾನ ನಿಲ್ದಾಣಗಳಿರುವ ಬೆಂಗಳೂರಿನಲ್ಲಿ ಅಧಿಕೃತ ನಕ್ಷೆ ಮತ್ತು ನೋಂದಣಿಯ ನಿಯಮಗಳನ್ನು ನೋಡಿಯೇ ಹಾರಿಸುವುದು ಕ್ಷೇಮ.

ಉಪಯೋಗ ಮತ್ತು ಮಿತಿ

ಚಲಿಸುವ ಭಾಗಗಳು ಕಡಿಮೆ, ಒಂದೇ ಜಾಗದಲ್ಲಿ ನಿಲ್ಲುವ ಸಾಮರ್ಥ್ಯ, ಶಕ್ತಿ ನಿಂತರೂ ನಿಧಾನವಾಗಿ ಇಳಿಯುವ ಗುಣ ಇವು ಒಂಟಿ ರೆಕ್ಕೆಯ ಯಂತ್ರದ ಲಾಭಗಳು. ಸದಾ ತಿರುಗುವ ಒಡಲಿನ ಮೇಲೆ ಕ್ಯಾಮೆರಾ ಇಟ್ಟರೆ ಚಿತ್ರವೂ ತಿರುಗುತ್ತದೆ. ಪ್ರತಿ ಸುತ್ತಿನಲ್ಲಿ ಒಂದೇ ದಿಕ್ಕಿನ ಚಿತ್ರವನ್ನು ಆಯ್ದು ಜೋಡಿಸಬೇಕಾಗುತ್ತದೆ. ಹೆಚ್ಚುವರಿ ಭಾರ ಹೊರಿಸಿದರೆ ಸಮತೂಕದ ಲೆಕ್ಕವನ್ನು ಮೊದಲಿನಿಂದ ಹಾಕಬೇಕು. ಈ ಮಿತಿಗಳಿಂದಾಗಿ ನಾಲ್ಕು ಪ್ರೊಪೆಲ್ಲರ್‌ಗಳ ಡ್ರೋನ್ ಪಡೆದ ಬಳಕೆಯನ್ನು ಇದು ಪಡೆದಿಲ್ಲ.

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮಾತ್ರ ಇದಕ್ಕಿಂತ ಕಟ್ಟುನಿಟ್ಟಾದ ಪಾಠ ಸಿಗುವುದು ವಿರಳ. ಸಿದ್ಧ ಡ್ರೋನಿನಲ್ಲಿ ತೂಕದ ಸಣ್ಣ ತಪ್ಪನ್ನು ನಿಯಂತ್ರಕ ಸರಿದೂಗಿಸಿ ಮರೆಮಾಡುತ್ತದೆ. ಒಂಟಿ ರೆಕ್ಕೆಯಲ್ಲಿ ಅದು ಮೊದಲ ಸುತ್ತಿನಲ್ಲಿಯೇ ಕಾಣಿಸಿಕೊಳ್ಳುತ್ತದೆ. ಪ್ರತಿಯೊಂದು ಪರೀಕ್ಷೆಯಲ್ಲೂ ಬ್ಯಾಟರಿಯ ಸ್ಥಾನ, ರೆಕ್ಕೆಯ ಓರೆ, ಸುತ್ತುಗಳ ಸಂಖ್ಯೆ ಮತ್ತು ತಕ್ಕಡಿಯ ಅಂಕಿಯನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ, ಯಂತ್ರ ಹಾರಿದರೂ ಅದು ಯಾವುದರಿಂದ ಹಾರಿತೆಂದು ತಿಳಿಯುವುದಿಲ್ಲ.